ಹಳೇ ಟೂ ಸ್ಟ್ರೋಕ್ ಎಟಿವಿಗೆ ಪಿಸ್ಟನ್ ಹಾಕಿಸುವ ಮೊದಲು ಇದನ್ನು ಓದಿ

ಹಳೇ ಟೂ ಸ್ಟ್ರೋಕ್ ಎಟಿವಿ (ಕಾಡುಮೇಡಿನಲ್ಲಿ ಓಡಿಸೋ ನಾಲ್ಕು ಚಕ್ರದ ಬೈಕು) ಇಟ್ಟುಕೊಂಡಿರುವವರು ದಯವಿಟ್ಟು ಓದಿ. ಮೆಕ್ಯಾನಿಕ್ "ಪಿಸ್ಟನ್ ಹೋಗಿದೆ, ಹೊಸದು ಹಾಕಿದ್ರೆ ಸರಿಹೋಗುತ್ತೆ" ಅಂದ ಕೂಡಲೇ ಹೂಂ ಅನ್ನಬೇಡಿ. ಯಾಕೆ ಹೋಯ್ತು ಅಂತ ಕೇಳಿ. ನಾನೂ ಕೇಳಿದ್ದೆ. ಬಂದ ಉತ್ತರ, "ಹಳೇ ಗಾಡಿ ಅಲ್ವಾ ಸರ್." ಈ ಒಂದು ಮಾತನ್ನು ಆಮೇಲೆ ಅವನ ಬಾಯಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಗಾಡಿ ಯಮಹಾ ಬ್ಲಾಸ್ಟರ್. 195 ಸಿಸಿ, ಏರ್ ಕೂಲ್ಡ್. 1988ರಿಂದ 2006ರ ತನಕ ಬಂದ ಮಾಡೆಲ್, ಆಮೇಲೆ ನಿಂತೇ ಹೋಯ್ತು. ಅಂದ್ರೆ ಯಾವ ಬ್ಲಾಸ್ಟರ್ ತಂದರೂ ಅದು ಹಳೇ ಗಾಡಿನೇ. ಅದನ್ನು ಹೇಳೋಕೆ ಮೆಕ್ಯಾನಿಕ್ ಬೇಕಾ?

ತೊಂದರೆ ಏನಿತ್ತು ಅಂದ್ರೆ, ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುತ್ತಿರಲಿಲ್ಲ. ಎಂಜಿನ್ ಒಂದಷ್ಟು ಹೊತ್ತು ಕಿರುಚಿಕೊಂಡೇ ಇದ್ದು ಆಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕಂದು ಬಣ್ಣ ಇರಬೇಕಾದ ತುದಿ ಸುಣ್ಣ ಬಳಿದ ಹಾಗೆ ಬಿಳಿ. ಟೂ ಸ್ಟ್ರೋಕ್ ಓಡಿಸಿದವರಿಗೆ ಇದು ಗೊತ್ತಿರುವ ವಿಷಯ, ಎಲ್ಲಿಂದಲೋ ಗಾಳಿ ಎಳೀತಿದೆ, ಮಿಕ್ಸ್ಚರ್ ಲೀನ್ ಆಗಿದೆ, ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಈ ಎಂಜಿನ್‌ಗೆ ಆಯಿಲ್ ಬರೋದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಡಿಮೆ ಅಂದ್ರೆ ಆಯಿಲೂ ಕಡಿಮೆ, ಮೇಲಿಂದ ಹೀಟ್ ಬೇರೆ. ಪಿಸ್ಟನ್ ಉಳಿಯೋದು ಹೇಗೆ?

ಇದನ್ನೆಲ್ಲ ನಾನೇ ಅವನಿಗೆ ಹೇಳಿದೆ. ಪ್ಲಗ್ ಕೈಗೆ ಕೊಟ್ಟೆ. ಅವನು ಅದನ್ನು ನೋಡಲೂ ಇಲ್ಲ, ಟೂಲ್ ಡಬ್ಬದ ಮೇಲೆ ಇಟ್ಟ. ಕಿಕ್ಕರ್ ಕೈಯಲ್ಲಿ ಒತ್ತಿ "ಕಂಪ್ರೆಶನ್ ಇಲ್ಲ, ಬೋರ್ ಮಾಡ್ಲೇಬೇಕು" ಅಂದ. ಅಂದ್ರೆ ಸಿಲಿಂಡರ್ ಒಳಗೋಡೆ ಕೊರೆದು ಅಗಲ ಮಾಡಬೇಕಂತೆ. ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಗೇಜ್ ಹಾಕಿದನಾ? ಇಲ್ಲ. ಕೈಯೇ ಗೇಜ್ ಅಂತೆ.

ಹೆಡ್ಡು, ಬ್ಯಾರಲ್ಲು ನನ್ನ ಎದುರೇ ಬಿಚ್ಚಿದ. ಪಿಸ್ಟನ್‌ಗೆ ಸೈಲೆನ್ಸರ್ ಕಡೆ ಉದ್ದುದ್ದ ಗೀರುಗಳು ನಿಜವಾಗಿಯೂ ಇದ್ದವು, ಸುಳ್ಳು ಹೇಳಲ್ಲ. ಫೋಟೋ ತೆಗೆದುಕೊಂಡೆ. ಪಿಸ್ಟನ್ ತಲೆ ಮೇಲೆ ಬಾಣದ ಗುರುತು ಇರುತ್ತಲ್ಲ, ಅದರ ಪಕ್ಕ ಅಕ್ಕಿಕಾಳಿನಷ್ಟು ಒಂದು ತಗ್ಗು. ಇದು ನೆನಪಿರಲಿ.

ಗಾಡಿ ವಾಪಸ್ ಬಂತು. ಬಿಲ್ಲಿನಲ್ಲಿ ಬರೆದಿದ್ದು: 0.50 ಓವರ್‌ಸೈಜ್ ಪಿಸ್ಟನ್ (ಅರ್ಧ ಮಿಮೀ ದೊಡ್ಡದು), ರಿಂಗ್, ಬೋರಿಂಗ್, ಗ್ಯಾಸ್ಕೆಟ್, ಲೇಬರ್. ಹಳೇ ಪಿಸ್ಟನ್ ಕೊಡಿ ಅಂದೆ. "ಅಯ್ಯೋ, ಸ್ಕ್ರ್ಯಾಪ್‌ನವನು ಬೆಳಿಗ್ಗೆನೇ ಎತ್ಕೊಂಡು ಹೋದ ಸರ್." ಏರ್ ಲೀಕ್ ನೋಡಿದ್ರಾ ಅಂದೆ. "ಲೀಕ್ ಗೀಕ್ ಏನಿಲ್ಲ, ಎಲ್ಲಾ ಚೆಕ್ ಮಾಡಿದೀನಿ. ಸುಮ್ನೆ ಓಡಿಸಿ."

ಸ್ವಲ್ಪ ದಿನ ಚೆನ್ನಾಗೇ ಓಡಿತು. ರೇಸ್ ಇಳಿಯದ ರೋಗ ಮಾತ್ರ ಹಾಗೇ ಇತ್ತು. ಫೋನ್ ಮಾಡಿದರೆ "ಹೊಸ ಪಿಸ್ಟನ್ ಸರ್, ಸೆಟ್ ಆಗ್ಬೇಕು" ಅಂದ. ಆಮೇಲೆ ಒಂದು ದಿನ ಏರಿನಲ್ಲಿ ಹೋಗ್ತಾ ಇರುವಾಗ ಪಿಕಪ್ ಸತ್ತು, ಕೀಂ ಅಂತ ಸದ್ದು ಬಂದು, ಹಿಂದಿನ ಚಕ್ರ ಎರಡೂ ಕಚ್ಚಿಕೊಂಡವು. ಕ್ಲಚ್ ಹಿಡಿದೆ, ಬಿದ್ದಿಲ್ಲ ಅಷ್ಟೇ. ಎಂಜಿನ್ ಸೀಜ್, ಅಂದ್ರೆ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಂಡಿತ್ತು.

ಆ ದಿನದ ಫೋನ್ ಮಾತು ಹಾಗ್ಹಾಗೇ ಬರೀತೀನಿ. "ಆಯಿಲ್ ಕಡಿಮೆ ಹಾಕಿದೀರಾ." ಇಲ್ಲ, ಆಯಿಲ್ ಪಂಪ್ ಮೊದಲೇ ತೆಗೆದಿದೆ, 32 ಪಾಲು ಪೆಟ್ರೋಲ್‌ಗೆ 1 ಪಾಲು ಆಯಿಲ್‌ನಂತೆ ಅಳತೆ ಕಪ್‌ನಲ್ಲೇ ಹಾಕೋದು, ಲೀಟರ್‌ಗೆ 31 ಮಿಲಿ. "ಹಾಗಾದ್ರೆ ಪೆಟ್ರೋಲ್ ಸರಿಯಿಲ್ಲ." ಅದೇ ಪೆಟ್ರೋಲ್ ಬೇರೆ ಗಾಡಿಗೂ ಹಾಕಿದೀನಿ, ಅದಕ್ಕೇನೂ ಆಗಿಲ್ಲ. "ಹಾಗಾದ್ರೆ ನೀವು ರಫ್ ಆಗಿ ಓಡಿಸಿದೀರಾ." ಕೊನೆಗೆ ಗೊತ್ತಲ್ಲ, "ಹಳೇ ಗಾಡಿ ಅಲ್ವಾ."

ಗಾಡಿಯನ್ನು ಬೇರೆ ಒಬ್ಬರ ಹತ್ತಿರ ಒಯ್ದೆ. ಅವರು ಏನನ್ನೂ ಬಿಚ್ಚುವ ಮೊದಲು ಕಾರ್ಬುರೇಟರ್ ಬಾಯಿ, ಸೈಲೆನ್ಸರ್ ಬಾಯಿ ಎರಡನ್ನೂ ರಬ್ಬರ್ ಬಿರಡೆ ಹಾಕಿ ಮುಚ್ಚಿದರು. ಸಣ್ಣ ಪಂಪ್‌ನಲ್ಲಿ 6 ಪಿಎಸ್‌ಐ ಗಾಳಿ ತುಂಬಿದರು. ಆರು ನಿಮಿಷ ನಿಲ್ಲಬೇಕು, ನಿಮಿಷಕ್ಕೆ 1 ಪಿಎಸ್‌ಐಗಿಂತ ಜಾಸ್ತಿ ಇಳಿಯಬಾರದು ಅಂದರು. ಅವರು ಮಾತು ಮುಗಿಸುವಷ್ಟರಲ್ಲಿ ಮುಳ್ಳು ಸೊನ್ನೆಗೆ ಬಂದಿತ್ತು. ಕರೆಂಟ್ ಹುಟ್ಟಿಸೋ ಮ್ಯಾಗ್ನೆಟ್ ಬಿಚ್ಚಿ ಸೋಪು ನೀರು ಬಿಟ್ಟರೆ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟ್ ಸುತ್ತ ಗಾಳಿ ನುಗ್ಗದ ಹಾಗೆ ತಡೆಯೋ ರಬ್ಬರ್ ಬಳೆ) ಸುತ್ತ ಗುಳುಗುಳು ಗುಳ್ಳೆ. ಸೀಲ್ ಕಿತ್ತು ಕೈಗೆ ಕೊಟ್ಟರು. ರಬ್ಬರ್ ಅನ್ನೋ ಹಾಗೇ ಇರಲಿಲ್ಲ, ಬಗ್ಗಿಸಿದರೆ ತುಟಿ ಚಟ್ ಅಂತ ಮುರೀತು. ಇಷ್ಟೇ. ಇಷ್ಟು ಚಿಕ್ಕ ಸೀಲ್. "ಎಲ್ಲಾ ಚೆಕ್ ಮಾಡಿದೀನಿ" ಅಂದಿದ್ದನಲ್ಲ!

ಹೊಟ್ಟೆ ಉರಿದಿದ್ದು ಆಮೇಲೆ. ಬ್ಯಾರಲ್ ಎತ್ತಿ, ಪಿಸ್ಟನ್ ತಲೆ ಮೇಲಿನ ಕಾರ್ಬನ್ ಒರೆಸಿದರು. ಬಾಣದ ಗುರುತು. ಅದರ ಪಕ್ಕ ಅಕ್ಕಿಕಾಳಿನಷ್ಟು ತಗ್ಗು.

ಫೋನ್ ತೆಗೆದು ಫೋಟೋ ಪಕ್ಕಕ್ಕೆ ಹಿಡಿದೆ. ಅದೇ ಪಿಸ್ಟನ್. ಸ್ಕ್ರ್ಯಾಪ್‌ನವನು ಎತ್ಕೊಂಡು ಹೋಗಿದ್ದ ಪಿಸ್ಟನ್ ನನ್ನ ಎಂಜಿನ್ ಒಳಗೇ ಇತ್ತು. ಹಳೇ ಗೀರಿನ ಮೇಲೆ ಎಮರಿ ಪೇಪರ್ ಉಜ್ಜಿದ ಅಡ್ಡ ಗೆರೆಗಳು ಕಾಣ್ತಿದ್ದವು, ಅದರ ಮೇಲೆ ಹೊಸ ಸೀಜ್‌ನ ಗೀರು. ಆದರೂ ಖಾತ್ರಿ ಆಗಲಿ ಅಂತ ಅಳತೆ ತೆಗೆಸಿದೆ. ಬ್ಲಾಸ್ಟರ್‌ನ ಸ್ಟ್ಯಾಂಡರ್ಡ್ ಬೋರ್ 66 ಮಿಮೀ. 0.50 ಓವರ್‌ಸೈಜ್ ಅಂದ್ರೆ 66.50ರ ಹತ್ತಿರ ಇರಬೇಕು ತಾನೇ? 66 ಕೂಡ ಇರಲಿಲ್ಲ. ಬೋರಿಂಗ್ ಮಾಡೇ ಇಲ್ಲ, ಹೊಸ ರಿಂಗ್ ಒಂದು ತುರುಕಿ ದುಡ್ಡು ತಗೊಂಡಿದಾನೆ. ನಾಲ್ಕು ಜನರ ಎದುರು ನಿಂತಿದ್ದೆ, ಮುಖ ಎಲ್ಲಿಡಬೇಕು ಗೊತ್ತಾಗಲಿಲ್ಲ.

ಫೋಟೋ ಎರಡನ್ನೂ ಅವನಿಗೆ ಕಳಿಸಿದೆ. ಮೊದಲು ಉತ್ತರ ಇಲ್ಲ. ಆಮೇಲೆ, "ಎಲ್ಲಾ ಪಿಸ್ಟನ್ ಒಂದೇ ಥರ ಇರುತ್ತೆ ಸರ್." ತಗ್ಗೂ ಒಂದೇ ಥರ ಇರುತ್ತಾ ಅಂದೆ. "ಬೇರೆಯವರು ಬಿಚ್ಚಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ." ಬಿಲ್ಲಿನಲ್ಲಿ 0.50 ಅಂತ ಬರೆದಿದ್ದೀರಲ್ಲ ಅಂದೆ. "ಹುಡುಗ ಬರೆದಿರ್ಬೇಕು." ಹುಡುಗ ಬರೆದಿರ್ಬೇಕಂತೆ! ಬಿಲ್ ಬರೆದಿದ್ದು ಅವನೇ, ನನ್ನ ಕಣ್ಣೆದುರೇ.

ಹಾಗಾಗಿ ಹೇಳೋದು ಇಷ್ಟೇ. ಲೀಕ್ ಟೆಸ್ಟ್ ಮಾಡದವನ ಕೈಗೆ ಟೂ ಸ್ಟ್ರೋಕ್ ಎಂಜಿನ್ ಕೊಡಬೇಡಿ. ಕಂಪ್ರೆಶನ್ನನ್ನು ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತೆರೆದು, ಮುಳ್ಳು ಏರೋದು ನಿಲ್ಲೋವರೆಗೂ ಕಿಕ್ ಹೊಡೆದು ನೋಡಲಿ. ಹೊಸ ಪಿಸ್ಟನ್ ಹಾಕುವ ಮುಂಚೆ ಅದನ್ನು ಕೈಯಲ್ಲಿ ಹಿಡಿದು, ಸೈಜ್ ನೋಡಿ, ಫೋಟೋ ತೆಗೀರಿ. ಹಳೇದನ್ನು ಕೇಳಿ ತಗೊಳ್ಳಿ, ಕೊಡದಿದ್ರೆ ಬಿಲ್ ಕಟ್ಟಬೇಡಿ. ಗೇರ್ ಬಾಕ್ಸ್ ಆಯಿಲ್ ತಾನಾಗೇ ಕಡಿಮೆ ಆಗ್ತಾ ಬಿಳಿ ಹೊಗೆ ಬರ್ತಿದ್ರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ನೋಡಿಸಿ, ಅದು ಹೋದರೆ ಗೇರ್ ಬಾಕ್ಸ್ ಆಯಿಲನ್ನೇ ಎಂಜಿನ್ ಎಳೆದು ಸುಡುತ್ತೆ. ನನ್ನದು ಮ್ಯಾಗ್ನೆಟ್ ಕಡೆ ಹೋಗಿತ್ತು, ಅದಕ್ಕೇ ಹೊಗೆ ಗಿಗೆ ಏನೂ ಇರಲಿಲ್ಲ.

ಈಗ ಎರಡೂ ಕಡೆ ಹೊಸ ಸೀಲ್ ಹಾಕಿಸಿ, ನಿಜವಾಗಿ ಬೋರ್ ಮಾಡಿಸಿದ್ದೇನೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ರೇಸ್ ಇಳಿಯುತ್ತೆ. ಆ ಮಹಾಶಯನಿಂದ ನಿನ್ನೆ ಮೆಸೇಜ್ ಬಂದಿದೆ: "ಗಾಡಿ ತನ್ನಿ ಸರ್, ಇನ್ನೊಂದ್ಸಲ ನೋಡೋಣ, ಲೇಬರ್ ಮಾತ್ರ ಕೊಡಿ."