ಸರ್ವರ್ ವೇಗ ಹೆಚ್ಚಿಸಲು ಬಂದವರು ಏನನ್ನು ಬದಲಿಸಿದರು? ಬರೆಸಿಕೊಳ್ಳಿ

ಕಲಬುರಗಿಯ ನೆಹರೂ ಗಂಜ್‌ನಲ್ಲಿ ನಾನು ಲೆಕ್ಕ ನೋಡಿಕೊಳ್ಳುವ ತೊಗರಿ ಅಡತ್ ಅಂಗಡಿಯ ಡೇಟಾಬೇಸ್ ಸುಗ್ಗಿಯ ನಡುವೆಯೇ ಕೆಟ್ಟು ನಿಂತಿತು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಬಳಸುವ ಎಲ್ಲ ಅಂಗಡಿ, ಮಿಲ್‌ಗಳವರೂ ದಯವಿಟ್ಟು ಇದನ್ನು ಓದಿ.

ಜನವರಿಯಲ್ಲಿ ಆವಕ ಏರಿದಂತೆ ರೈತರ ಬಾಕಿ ವರದಿ ತೆರೆಯಲು ನಿಮಿಷಗಟ್ಟಲೆ ಕಾಯಬೇಕಾಗಿ ಬಂತು. ಮಾಲೀಕರು ಹೊರಗಿನಿಂದ ತಂತ್ರಜ್ಞರೊಬ್ಬರನ್ನು ಕರೆಸಿದರು. ಯಾವ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ನಿಧಾನವಾಗಿದೆ ಎಂದು ಅವರು ನೋಡಲೇ ಇಲ್ಲ. ಕಾನ್ಫಿಗರೇಷನ್ ಫೈಲ್ ತೆರೆದು ಎಫ್‌ಸಿಂಕ್ ಎಂಬ ಸೆಟ್ಟಿಂಗ್ ಆಫ್ ಮಾಡಿ, ಹಣ ಪಡೆದು ಹೋದರು. ಬಿಲ್ ಉಳಿಸುವುದು ಚುರುಕಾಯಿತು. ವರದಿ ಮಾತ್ರ ಮೊದಲಿನಂತೆಯೇ ಕುಂಟುತ್ತಿತ್ತು.

ಬರೆದದ್ದು ನಿಜವಾಗಿಯೂ ಡಿಸ್ಕ್ ತಲುಪಿತೇ ಎಂದು ಖಾತ್ರಿಪಡಿಸುವುದೇ ಎಫ್‌ಸಿಂಕ್‌ನ ಕೆಲಸ. ಅದನ್ನು ಆಫ್ ಮಾಡಿದರೆ ಆಪರೇಟಿಂಗ್ ಸಿಸ್ಟಂ ಎಲ್ಲವನ್ನೂ ಮೆಮೊರಿಯಲ್ಲಿ ಇಟ್ಟುಕೊಂಡು ತನಗೆ ತೋಚಿದಾಗ, ತೋಚಿದ ಕ್ರಮದಲ್ಲಿ ಬರೆಯುತ್ತದೆ. ಆ ಹೊತ್ತಿಗೆ ಕರೆಂಟ್ ಹೋದರೆ ಕೊನೆಯ ನಾಲ್ಕು ಬಿಲ್ ಹೋಗುವುದಲ್ಲ, ಇಡೀ ಡೇಟಾಬೇಸೇ ಕೆಡಬಹುದು. ನಮ್ಮಲ್ಲಿ ಆದದ್ದೂ ಅದೇ. ಮಧ್ಯಾಹ್ನ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು. ಮತ್ತೆ ಚಾಲೂ ಮಾಡಿದಾಗ, ಸರಿಯಾದ ಚೆಕ್‌ಪಾಯಿಂಟ್ ದಾಖಲೆ (ಎಲ್ಲಿಂದ ಚೇತರಿಸಿಕೊಳ್ಳಬೇಕೆಂಬ ಗುರುತು) ಸಿಗಲಿಲ್ಲ ಎಂಬ ಸಂದೇಶ ತೋರಿಸಿ ಸರ್ವರ್ ನಿಂತುಬಿಟ್ಟಿತು. ಹಿಂದಿನ ರಾತ್ರಿಯ ಬ್ಯಾಕಪ್ ಇದ್ದದ್ದರಿಂದ ಬದುಕಿಕೊಂಡೆವು. ಆ ದಿನದ ತೂಕದ ಚೀಟಿಗಳ ಕಾರ್ಬನ್ ಪ್ರತಿಗಳನ್ನು ಹುಡುಕಿ ಒಂದೊಂದಾಗಿ ಮತ್ತೆ ಟೈಪ್ ಮಾಡಿದೆವು. ಚಿತ್ತಾಪುರ, ಅಫಜಲಪುರದ ಕಡೆಯಿಂದ ಬಂದ ರೈತರು ತಮ್ಮದಲ್ಲದ ತಪ್ಪಿಗೆ ಹಣಕ್ಕಾಗಿ ಕತ್ತಲಾಗುವವರೆಗೂ ಕಾದರು. ಅದು ನನಗೆ ಇಂದಿಗೂ ಸಹಿಸಲಾಗದ ಸಂಗತಿ.

ವರದಿಯ ರೋಗ ಬೇರೆಯೇ ಇತ್ತು. ಕ್ವೆರಿ ಹೇಗೆ ಓಡುತ್ತದೆಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಆಜ್ಞೆ ಕೊಟ್ಟು ನೋಡಿದರೆ, ಒಬ್ಬ ರೈತನ ಬಾಕಿಗಾಗಿ ಚೀಟಿಗಳ ಇಡೀ ಟೇಬಲ್ ಅನ್ನು ಮೊದಲಿನಿಂದ ಕೊನೆಯವರೆಗೆ ಓದಲಾಗುತ್ತಿತ್ತು. ಫಾರಿನ್ ಕೀ (ಇನ್ನೊಂದು ಟೇಬಲ್‌ಗೆ ಕೊಂಡಿ) ಇರುವ ಕಾಲಂಗೆ ಪೋಸ್ಟ್‌ಗ್ರೆಸ್ ತಾನಾಗಿ ಇಂಡೆಕ್ಸ್ (ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಸೂಚಿ) ಕಟ್ಟುವುದಿಲ್ಲ. ಸಾಫ್ಟ್‌ವೇರ್ ಬರೆದವರೂ ಕಟ್ಟಿರಲಿಲ್ಲ. ಇಂಡೆಕ್ಸ್ ಸೇರಿಸಿದ ಮೇಲೆ ವರದಿ ಕಣ್ಣೆವೆ ಮುಚ್ಚುವಷ್ಟರಲ್ಲಿ ಬರುತ್ತಿದೆ. 128 ಎಂಬಿ ಇದ್ದ ಶೇರ್ಡ್ ಬಫರ್ಸ್ (ದತ್ತಾಂಶ ಇಟ್ಟುಕೊಳ್ಳಲು ಪೋಸ್ಟ್‌ಗ್ರೆಸ್ ಬಳಸುವ ಮೆಮೊರಿ) ಅನ್ನು ಸರ್ವರ್‌ನ ರ‍್ಯಾಮ್‌ನ ಕಾಲು ಭಾಗಕ್ಕೆ ಏರಿಸಿದೆವು. ಇದರಿಂದ ದತ್ತಾಂಶಕ್ಕೆ ಅಪಾಯವಿಲ್ಲ. ಸಿಂಕ್ರೋನಸ್ ಕಮಿಟ್ (ಪ್ರತಿ ವಹಿವಾಟಿನ ದಾಖಲೆ ಡಿಸ್ಕ್ ಸೇರುವವರೆಗೆ ಕಾಯುವ ಸೆಟ್ಟಿಂಗ್) ಆಫ್ ಮಾಡಿದರೆ ಕೊನೆಯ ಕ್ಷಣದ ವಹಿವಾಟು ಹೋಗಬಹುದು, ಡೇಟಾಬೇಸ್ ಕೆಡುವುದಿಲ್ಲ. ಆದರೆ ರೈತರ ಹಣದ ಲೆಕ್ಕಕ್ಕೆ ನಾನು ಅದನ್ನೂ ಒಪ್ಪುವುದಿಲ್ಲ.

ನಿಮ್ಮ ಸರ್ವರ್‌ನಲ್ಲಿ ಇಂದೇ ‘ಶೋ ಎಫ್‌ಸಿಂಕ್’ ಆಜ್ಞೆ ಕೊಟ್ಟು ನೋಡಿ. ಆಫ್ ಎಂದು ಬಂದರೆ ಮೊದಲು ಬ್ಯಾಕಪ್ ತೆಗೆದು ಬೇರೆ ಡಿಸ್ಕ್‌ನಲ್ಲಿಡಿ, ನಂತರ ಆನ್ ಮಾಡಿ ಯಂತ್ರವನ್ನು ಕ್ರಮವಾಗಿ ರೀಬೂಟ್ ಮಾಡಿ. ಬರೀ ಆನ್ ಮಾಡಿ ಬಿಟ್ಟರೆ, ಅದಕ್ಕೂ ಮುಂಚೆ ಬರೆದದ್ದೆಲ್ಲ ಡಿಸ್ಕ್ ಸೇರಿದೆ ಎಂಬ ಭರವಸೆ ಇರುವುದಿಲ್ಲ.