ಎರಡನೇ ನಿಯಮ ಕಳೆದುಕೊಂಡ ಪೆಟ್ಟಿಗೆ: ಕಾರ್ಮಿಕ ಸಂಘದ ತರಗತಿಗೆ ಮೊನೊಪಲಿ

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಆಟಿಕೆ ಅಂಗಡಿಗಳಲ್ಲಿ ಜಾಗ ಕೊಂಡು ಕಿರಾಯಿ ಎತ್ತುವ ಮೊನೊಪಲಿ ಆಟದ ಪೆಟ್ಟಿಗೆಯನ್ನು ಮಕ್ಕಳ ರಜೆಯ ಆಟವೆಂದು ಮಾರುತ್ತಾರೆ. ಈ ವಿಮರ್ಶೆ ಬೇರೆಯವರಿಗಾಗಿ. ದಾಲ್ ಮಿಲ್ಲಿನವರು, ನೆಹರು ಗಂಜಿನ ಹಮಾಲರು, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ಗುತ್ತೇದಾರರ ಕೈಕೆಳಗೆ ದುಡಿಯುವವರು ಭಾನುವಾರ ಒಂದು ಕಡೆ ಕೂತು ಲೆಕ್ಕ ಕಲಿಯಬೇಕೆಂದರೆ ಇದಕ್ಕಿಂತ ಒಳ್ಳೆಯ ಸಾಧನ ಅಂಗಡಿಯಲ್ಲಿ ಸಿಗುವುದು ಕಷ್ಟ. ಆದರೆ ಪೆಟ್ಟಿಗೆಯಲ್ಲಿ ಬರುವುದು ಅರ್ಧ ಆಟ ಮಾತ್ರ. ಉಳಿದರ್ಧವನ್ನು ನಾವೇ ಬರೆದು ಸೇರಿಸಬೇಕು. ಅದಕ್ಕೆ ಎರಡು ಹಾಳೆ ಮತ್ತು ಒಂದು ಸಂಜೆ ಸಾಕು.

ಈ ಆಟದ ಮೂಲವನ್ನು ಮೊದಲು ಮಾಡಿದಾಕೆ ಅಮೆರಿಕದ ಎಲಿಜಬೆತ್ ಮ್ಯಾಗಿ. ವೃತ್ತಿಯಿಂದ ಶೀಘ್ರಲಿಪಿಗಾರ್ತಿ. 1904ರಲ್ಲಿ ಪೇಟೆಂಟ್ ಪಡೆದ ಆ ಆಟದ ಹೆಸರೇ ಜಮೀನ್ದಾರನ ಆಟ. ಭೂಮಿಯ ಬೆಲೆ ಏರುವುದು ಇಡೀ ಊರಿನ ದುಡಿಮೆಯಿಂದ, ಆ ಏರಿಕೆ ಒಬ್ಬನ ಜೇಬಿಗೆ ಹೋಗುವುದು ಅನ್ಯಾಯ ಎಂದು ಅಮೆರಿಕದ ಚಿಂತಕ ಹೆನ್ರಿ ಜಾರ್ಜ್ ಹೇಳುತ್ತಿದ್ದ ಅರ್ಥಶಾಸ್ತ್ರವನ್ನು ಜನ ಕೈಯಲ್ಲಿ ಹಿಡಿದು ನೋಡಲಿ ಎಂಬುದು ಆಕೆಯ ಉದ್ದೇಶವಾಗಿತ್ತು. ಮೂಲ ಹಲಗೆ ಪೂರ್ತಿ ರಾಜಕೀಯ ವಿಡಂಬನೆ. ಮೂಲೆಯ ಚೌಕದಲ್ಲಿ ‘ಭೂಮಿತಾಯಿಯ ಮೇಲೆ ಮಾಡಿದ ದುಡಿಮೆ ಕೂಲಿಯನ್ನು ಹುಟ್ಟಿಸುತ್ತದೆ’ ಎಂಬ ಅರ್ಥದ ಬರಹವಿತ್ತು, ಅದನ್ನು ದಾಟಿದವನಿಗೆ 100 ಡಾಲರ್ ಕೂಲಿ. ಇನ್ನೊಂದು ಮೂಲೆ ಲಂಡನ್ನಿನಲ್ಲಿ ಕೂತ ಒಬ್ಬ ಕಲ್ಪಿತ ಲಾರ್ಡನ ಬೇಲಿ ಹಾಕಿದ ಜಾಗ. ಅದರೊಳಗೆ ಕಾಲಿಟ್ಟವನು ನೇರ ಜೈಲಿಗೆ. ಕೈ ಬರಿದಾದವನಿಗೆ ಬಡವರ ಛತ್ರ. ಈ ಹೆಣ್ಣುಮಗಳ ವಿಡಂಬನೆ ಹಲಗೆಗೆ ಮಾತ್ರ ಸೀಮಿತವಾಗಿರಲಿಲ್ಲ. ದುಡಿಯುವ ಹೆಂಗಸರಿಗೆ ಕೊಡುವ ಸಂಬಳ ಎಷ್ಟು ಕಡಿಮೆ ಎಂದು ತೋರಿಸಲು 1906ರಲ್ಲಿ ತನ್ನನ್ನೇ ‘ಅಮೆರಿಕನ್ ಯುವತಿ ಗುಲಾಮಳು’ ಎಂದು ಮಾರಾಟಕ್ಕಿಟ್ಟು ಜಾಹೀರಾತು ಕೊಟ್ಟವಳು.

ಆಟಕ್ಕೆ ಎರಡು ಬಗೆಯ ನಿಯಮಗಳಿದ್ದವು. ಒಂದರಲ್ಲಿ ಎಲ್ಲವನ್ನೂ ಕೊಂಡುಕೊಂಡು ಉಳಿದವರನ್ನು ದಿವಾಳಿ ಮಾಡಿದವನು ಗೆಲ್ಲುತ್ತಾನೆ. ಇನ್ನೊಂದರಲ್ಲಿ ಜಾಗದ ಕಿರಾಯಿ ಸಾರ್ವಜನಿಕ ಖಜಾನೆಗೆ ಹೋಗುತ್ತದೆ, ದೀಪ ಮತ್ತು ರೈಲು ಊರಿನ ಸ್ವತ್ತಾಗುತ್ತವೆ, ಜೈಲಿಗೆ ತಳ್ಳುವ ಮೂಲೆ ಉಚಿತ ಕಾಲೇಜಾಗುತ್ತದೆ, ಕೂಲಿ ಏರುತ್ತ ಹೋಗುತ್ತದೆ. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಆಕೆಯ ಪೇಟೆಂಟನ್ನು 500 ಡಾಲರಿಗೆ ಕೊಂಡಿತು. ಮಾರಾಟದ ಮೇಲೆ ಪಾಲಿಲ್ಲ. ಅದೇ ವರ್ಷ ಚಾರ್ಲ್ಸ್ ಡಾರೋ ಎಂಬವನು ಕಂಡುಹಿಡಿದದ್ದೆಂದು ಮೊನೊಪಲಿ ಬಜಾರಿಗೆ ಬಂತು, ಅವನಿಗೆ ಮಾತ್ರ ಜೀವನವಿಡೀ ರಾಯಲ್ಟಿ. ಎರಡನೇ ನಿಯಮ ಪೆಟ್ಟಿಗೆಯಿಂದ ಮಾಯವಾಯಿತು. 1973ರಲ್ಲಿ ರಾಲ್ಫ್ ಆನ್ಸ್‌ಪಾಕ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕ ‘ಆ್ಯಂಟಿ ಮೊನೊಪಲಿ’ ಎಂಬ ಆಟ ಹೊರತಂದ ಮೇಲೆ ಮೊನೊಪಲಿಯ ಕಂಪನಿಯೊಂದಿಗೆ ನಡೆದ ದಾವೆಯಲ್ಲೇ ಈ ಹಳೆಯ ಇತಿಹಾಸ ಹೊರಬಿದ್ದದ್ದು. ದಾವೆಯ ನಡುವೆ, 1977ರಲ್ಲಿ, ಆ ಕಂಪನಿಯವರು ಅವನ ಸುಮಾರು 40,000 ಪೆಟ್ಟಿಗೆಗಳನ್ನು ಮಿನೆಸೋಟದಲ್ಲಿ ಗುಂಡಿ ತೋಡಿ ಹೂಳಿಸಿದರು. ತರಗತಿ ಶುರುವಾಗುವ ಮೊದಲು ಇಷ್ಟನ್ನು ಹತ್ತು ನಿಮಿಷ ಹೇಳಬೇಕು. ದುಡಿದವಳೊಬ್ಬಳು, ಉಂಡವನೊಬ್ಬ ಎಂಬುದನ್ನು ಗುತ್ತಿಗೆ ಕೂಲಿಗಳಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ.

ಈಗ ಪೆಟ್ಟಿಗೆಯ ವಿಷಯ. ಹಲಗೆಯ ಮೇಲೆ 40 ಚೌಕ. ಕೊಳ್ಳಬಹುದಾದವು 28: ಜಾಗ 22, ರೈಲು ನಿಲ್ದಾಣ 4, ಕರೆಂಟ್ ಮತ್ತು ನೀರಿನ ಕಂಪನಿ ಒಂದೊಂದು. ಹಸಿರು ಮನೆ 32, ಕೆಂಪು ಹೋಟೆಲ್ 12, ಎರಡು ಕಟ್ಟು ಚೀಟಿ (ಚಾನ್ಸ್, ಕಮ್ಯುನಿಟಿ ಚೆಸ್ಟ್) ತಲಾ 16. ಅಂಗಡಿಯಲ್ಲೇ ಬಿಚ್ಚಿ ಎಣಿಸಿ. ಸಾದಾ ಆವೃತ್ತಿಯಲ್ಲಿ ಪ್ರತಿಯೊಬ್ಬನಿಗೂ 1,500 ಆರಂಭದ ಹಣ, ಒಂದು ಸುತ್ತು ದಾಟಿದರೆ 200 ಪಗಾರ. ನೋಟಿನ ಮೇಲಿನ ಸೊನ್ನೆಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು, ಲೆಕ್ಕದ ಅನುಪಾತ ಅದೇ. ಕಾರ್ಡ್ ಉಜ್ಜುವ ಯಂತ್ರವಿರುವ ಆವೃತ್ತಿ ಬೇಡವೇ ಬೇಡ. ನೋಟು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವುದು ಕಣ್ಣಿಗೆ ಕಾಣದಿದ್ದರೆ ಈ ಆಟ ಏನನ್ನೂ ಕಲಿಸದು. ಪಕ್ಕದಲ್ಲೇ ಅಗ್ಗಕ್ಕೆ ಸಿಗುವ ‘ಬಿಸಿನೆಸ್’ ಎಂಬ ದೇಶಿ ಪೆಟ್ಟಿಗೆಯೂ ಕೆಲಸಕ್ಕೆ ಬರುತ್ತದೆ, ಆದರೆ ನಿಯಮದ ಹಾಳೆಯಲ್ಲಿ ಲಿಲಾವಿನ (ಹರಾಜಿನ) ಸಾಲು ಇದೆಯೇ, ಜಾಗದ ಕಾರ್ಡಿನ ಮೇಲೆ ಖಾಲಿ ಜಾಗದ ಕಿರಾಯಿ, ಒಂದು ಮನೆ, ಎರಡು ಮನೆ ಎಂದು ಬೇರೆ ಬೇರೆ ಅಂಕಿ ಬರೆದಿದೆಯೇ ನೋಡಿ ಕೊಳ್ಳಿ. ಅವೆರಡೂ ಇಲ್ಲದಿದ್ದರೆ ಎರಡನೇ ನಿಯಮ ನಡೆಯುವುದಿಲ್ಲ.

ಹಲಗೆ ಮಡಚುವ ಗೀಟಿನಲ್ಲಿ ಮೊದಲು ಹರಿಯುತ್ತದೆ. ಕೊಂಡ ದಿನವೇ ಹಿಂಬದಿಗೆ ಬಟ್ಟೆಯ ಟೇಪು ಅಂಟಿಸಿದರೆ ಬಹಳ ದಿನ ಬಾಳುತ್ತದೆ. ನೋಟುಗಳು ತೆಳು. ಬೆವರು ಕೈ ತಗುಲಿದರೆ ಮುದುಡುತ್ತವೆ, ಫ್ಯಾನಿನ ಕೆಳಗೆ ಹಾರುತ್ತವೆ, ಆದ್ದರಿಂದ ಒಂದೊಂದು ಬೆಲೆಯ ನೋಟಿಗೂ ಒಂದು ಕ್ಲಿಪ್ಪು ಬೇಕು. ಚೀಟಿಗಳೆಲ್ಲ ಇಂಗ್ಲಿಷಿನಲ್ಲಿರುವುದು ದೊಡ್ಡ ಕೊರತೆ. 32 ಚೀಟಿಗೂ ಕನ್ನಡ ಬರೆದ ಕಾಗದ ಮೇಲೆ ಅಂಟಿಸಬೇಕು. ಮನೆಗಳು ಕಳೆದುಹೋದರೆ ಹುಣಸೆಬೀಜ ಇಡಬಹುದು, ಆದರೆ ಒಟ್ಟು 32 ದಾಟಬಾರದು. 22 ಜಾಗಕ್ಕೆ ನಾಲ್ಕರಂತೆ 88 ಮನೆ ಬೇಕು, ಪೆಟ್ಟಿಗೆಯಲ್ಲಿ ಇರುವುದು 32. ಎಂಟು ಜಾಗದ ಮೇಲೆ ನಾಲ್ಕು ನಾಲ್ಕು ಕಟ್ಟಿ, ಹೋಟೆಲಿಗೆ ಏರಿಸದೆ ಕೂತವನು ಊರಿಗೆಲ್ಲ ಮನೆಯ ಬರ ತರಿಸಬಲ್ಲ. ಹಿಡಿ ಬೀಜ ಸುರಿದುಕೊಂಡು ಆಡಿದರೆ ಆಟದ ಈ ಮುಖ್ಯ ಪಾಠವೇ ಹೋಗುತ್ತದೆ.

ಜನ ಸಾಮಾನ್ಯವಾಗಿ ಮಾಡುವ ತಪ್ಪುಗಳು ಇನ್ನೂ ಇವೆ. ‘ಫ್ರೀ ಪಾರ್ಕಿಂಗ್’ ಚೌಕದಲ್ಲಿ ದಂಡದ ಹಣ ಕೂಡಿಹಾಕಿ ಅಲ್ಲಿ ನಿಂತವನಿಗೆ ಕೊಡುವುದು ನಿಯಮದಲ್ಲಿಲ್ಲ. ಅದರಿಂದ ಮುಳುಗುವವನು ಆಗಾಗ ತೇಲುತ್ತ ಆಟ ನಾಲ್ಕು ತಾಸು ಎಳೆಯುತ್ತದೆ, ತರಗತಿ ನಿದ್ದೆಗೆ ಜಾರುತ್ತದೆ. ಒಬ್ಬ ಬೇಡವೆಂದ ಜಾಗವನ್ನು ಕೂಡಲೇ ಲಿಲಾವಿಗೆ ಇಡಬೇಕು, ಬೇಡವೆಂದವನೂ ಸವಾಲು ಕೂಗಬಹುದು. ಗಂಜಿನಲ್ಲಿ ತೊಗರಿಯ ಸವಾಲು ಕಂಡವರಿಗೆ ಇದು ತಟ್ಟನೆ ಹಿಡಿಸುತ್ತದೆ. ಆಟಗಾರರು ಒಬ್ಬರಿಗೊಬ್ಬರು ಕೈಗಡ ಕೊಡುವಂತಿಲ್ಲ. ತರಗತಿಯಲ್ಲಿ ಬ್ಯಾಂಕ್ ನೋಡುವವನು ಆಡದಿರುವುದು ಒಳ್ಳೆಯದು. ತರಗತಿ ದೊಡ್ಡದಿದ್ದರೆ ಹತ್ತು ಜನರನ್ನು ಐದು ಜೋಡಿ ಮಾಡಿ. ಒಬ್ಬ ಆಡಲಿ, ಇನ್ನೊಬ್ಬ ಪ್ರತಿ ಸುತ್ತಿನ ಜಮಾ ಖರ್ಚು ನೋಟ್‌ಬುಕ್ಕಿನಲ್ಲಿ ಬರೆಯಲಿ. ಈ ನೋಟ್‌ಬುಕ್ ಇಲ್ಲದೆ ಆಡಿಸಿದರೆ ಯಾರು ಗೆದ್ದರು ಎಂಬುದಷ್ಟೇ ನೆನಪಿನಲ್ಲಿ ಉಳಿಯುತ್ತದೆ.

ಮೊದಲ 60 ನಿಮಿಷ ಪೆಟ್ಟಿಗೆಯ ನಿಯಮದಂತೆಯೇ ಆಡಿಸಿ. ಎರಡು ದಾಳದ ಸರಾಸರಿ 7, ಹಲಗೆ 40 ಚೌಕ. ಅಂದರೆ ಒಂದು ಸುತ್ತಿಗೆ ಸುಮಾರು ಆರು ಎಸೆತ, ಆರು ಎಸೆತಕ್ಕೆ 200 ಪಗಾರ. ಆಟ ಮುಗಿಯುವವರೆಗೂ ಅದು 200ರಿಂದ ಒಂದು ರೂಪಾಯಿ ಮೇಲೇಳದು. ಕಿರಾಯಿ ಹಾಗಲ್ಲ. 200 ಬೆಲೆಯ ಕಿತ್ತಳೆ ಬಣ್ಣದ ಜಾಗದ ಖಾಲಿ ಕಿರಾಯಿ 16. ಒಂದು ಮನೆಗೆ 80, ಎರಡಕ್ಕೆ 220, ಮೂರಕ್ಕೆ 600. ಮೂರನೇ ಮನೆಯ ಜಿಗಿತವನ್ನು ಹಲಗೆಯ ಮೇಲೆ ಬೆರಳಿಟ್ಟು ತೋರಿಸಿ. ಅತಿ ದುಬಾರಿ ಜಾಗದ ಹೋಟೆಲಿನ ಕಿರಾಯಿ 2,000, ಅಂದರೆ ಹತ್ತು ಸುತ್ತಿನ ಪಗಾರ ಒಂದೇ ರಾತ್ರಿಗೆ. ಆ ಜಾಗಕ್ಕೆ 400, ಕಟ್ಟಡಕ್ಕೆ 1,000 ಹಾಕಿದವನು ಒಬ್ಬನೇ ಬಂದು ನಿಂತರೂ ಹಾಕಿದ್ದೆಲ್ಲ ಎತ್ತಿ ಮೇಲೆ 600 ಉಳಿಸಿಕೊಳ್ಳುತ್ತಾನೆ. ನಿಂತ ಪಗಾರ, ಓಡುವ ಕಿರಾಯಿ: ಕರ್ನಾಟಕದಲ್ಲಿ ಕನಿಷ್ಠ ವೇತನಕ್ಕೆ ತುಟ್ಟಿಭತ್ಯೆ ಕಟ್ಟಿ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಿಸುವುದು ಯಾಕೆ, ಅದನ್ನು ತಡೆಹಿಡಿಯಲು ಮಾಲಕರ ಸಂಘಗಳು ಕೋರ್ಟಿಗೆ ಯಾಕೆ ಓಡುತ್ತವೆ ಎಂಬುದನ್ನು ನೋಟ್‌ಬುಕ್ಕಿನ ಪಗಾರ, ಕಿರಾಯಿಯ ಎರಡು ಅಂಕಣದ ಪಕ್ಕ ಬರೆದರೆ ಸಾಕು.

ಎರಡನೇ ನಿಯಮವನ್ನು ಇಂದಿನ ಹಲಗೆಗೆ ಹೊಂದಿಸುವುದು ಹೀಗೆ. ಮೇಜಿನ ನಡುವೆ ಒಂದು ಡಬ್ಬಿ ಇಡಿ, ಅದು ಊರ ಖಜಾನೆ. ಆಟವನ್ನು ನಿಲ್ಲಿಸಿ ಕೈ ಎತ್ತಿಸಿ, ಬಹುಮತ ಬಂದರೆ ನಿಯಮ ಬದಲು. ಅಲ್ಲಿಂದ ಮುಂದೆ ಖಾಲಿ ಜಾಗದ ಕಿರಾಯಿ ಡಬ್ಬಿಗೆ, ಕಟ್ಟಡದಿಂದ ಹೆಚ್ಚಾದ ಕಿರಾಯಿ ಕಟ್ಟಿದವನಿಗೆ. ಒಂದು ಮನೆಯ ಕಿತ್ತಳೆ ಜಾಗದಲ್ಲಿ ನಿಂತವನು ಕೊಡುವ 80ರಲ್ಲಿ 16 ಡಬ್ಬಿಗೆ, 64 ಮನೆ ಕಟ್ಟಿದವನಿಗೆ. ತನ್ನದೇ ಜಾಗದ ಮೇಲೆ ನಿಂತವನೂ ಡಬ್ಬಿಯ ಪಾಲು ಕೊಡಬೇಕು. ಇದನ್ನು ಬಿಟ್ಟರೆ ಡಬ್ಬಿ ತುಂಬುವುದೇ ಇಲ್ಲ. ತೆರಿಗೆಯ ಎರಡು ಚೌಕಗಳ ಹಣವೂ ಅಲ್ಲಿಗೇ. ಒಂದೇ ಬಣ್ಣದ ಜಾಗಗಳೆಲ್ಲ ಒಬ್ಬನದಾದರೆ ಖಾಲಿ ಕಿರಾಯಿ ದುಪ್ಪಟ್ಟಾಗುವ ನಿಯಮ ರದ್ದು.

22 ಜಾಗದ ಖಾಲಿ ಕಿರಾಯಿಯನ್ನೆಲ್ಲ ಕೂಡಿದರೆ 391, ಸರಾಸರಿ 18ರ ಹತ್ತಿರ. ಎಲ್ಲ ಜಾಗ ಮಾರಾಟವಾದ ಮೇಲೆ ನಾಲ್ವರ ಒಂದು ಸುತ್ತಿಗೆ ಡಬ್ಬಿಗೆ ಖಾಲಿ ಕಿರಾಯಿಯಿಂದ ಅಂದಾಜು 230, ತೆರಿಗೆ ಸೇರಿ ಅಂದಾಜು 400 ಬೀಳುತ್ತದೆ. 150 ಸೇರಿದ ಕೂಡಲೇ ಕರೆಂಟ್ ಕಂಪನಿಯನ್ನು ಅದರ ಒಡೆಯನಿಂದ ಮುದ್ರಿತ ಬೆಲೆಗೇ ಕೊಳ್ಳಿ, ಆಮೇಲೆ ನೀರು, ಆಮೇಲೆ 200ರಂತೆ ನಾಲ್ಕು ನಿಲ್ದಾಣ. ಕಿತ್ತುಕೊಳ್ಳುವುದಲ್ಲ, ಬೆಲೆ ಕೊಟ್ಟು ಕೊಳ್ಳುವುದು. ಒಟ್ಟು 1,100, ಸುಮಾರು ಮೂರು ಸುತ್ತಿನಲ್ಲಿ ಮುಗಿಯುತ್ತದೆ. ಕೊಂಡದ್ದರ ಮೇಲೆ ಯಾರಿಗೂ ಕಿರಾಯಿ ಇಲ್ಲ. ಬಳಿಕ ‘ಜೈಲಿಗೆ ಹೋಗು’ ಮೂಲೆಯ ಮೇಲೆ ಉಚಿತ ಕಾಲೇಜಿನ ಚೀಟಿ ಅಂಟಿಸಿ. ಈ ಹಂತದಲ್ಲಿ ಸೇಡಂ ರಸ್ತೆಯ ಇಎಸ್‌ಐಸಿ (ಕಾರ್ಮಿಕರ ರಾಜ್ಯ ವಿಮಾ ನಿಗಮ) ವೈದ್ಯಕೀಯ ಕಾಲೇಜಿನ ಮಾತು ಎತ್ತಲೇಬೇಕು. ಕಾರ್ಮಿಕನ ಪಗಾರದ ಶೇ. 0.75, ಮಾಲಕನ ಶೇ. 3.25 ಸೇರಿ ಆಗುವ ವಂತಿಗೆಯ ನಿಧಿ ಅದರ ಬುನಾದಿ, ವಿಮಾದಾರರ ಮಕ್ಕಳಿಗೆ ಅಲ್ಲಿ ಸೀಟಿನ ಪಾಲಿದೆ. ಡಬ್ಬಿ ಎಂದರೇನು ಎಂದು ಕೇಳುವವರಿಗೆ ಅದೇ ಉತ್ತರ.

ಆಮೇಲೆ ಡಬ್ಬಿಯಲ್ಲಿ ಪ್ರತಿ 100 ಕೂಡಿದಾಗ ಪಗಾರ 10 ಏರಲಿ, ಏರಿದ ಪಾಲನ್ನು ಡಬ್ಬಿಯಿಂದಲೇ ಕೊಡಿ. ಮ್ಯಾಗಿಯ ನಿಯಮದಂತೆ ಅತಿ ಕಡಿಮೆ ಹಣದಿಂದ ಶುರು ಮಾಡಿದವನ ಕೈಯಲ್ಲಿ ಅದರ ದುಪ್ಪಟ್ಟು ಸೇರಿದಾಗ ಆಟ ಮುಗಿಯುತ್ತದೆ, ಗೆಲುವು ಎಲ್ಲರದು. ಪಗಾರ 300 ದಾಟಿದರೆ ಡಬ್ಬಿ ಸೊರಗತೊಡಗುತ್ತದೆ. ಆಗ ಏರಿಕೆ ನಿಲ್ಲಿಸಬೇಕೋ, ಕಟ್ಟಡದ ಕಿರಾಯಿಯ ಮೇಲೂ ಪಾಲು ಕೇಳಬೇಕೋ ಎಂದು ಮೇಜಿನ ಸುತ್ತ ಜಗಳ ಶುರುವಾಗುತ್ತದೆ. ಅದನ್ನು ತಡೆಯಬೇಡಿ, ಇಡೀ ತರಗತಿಯ ಅತ್ಯುತ್ತಮ ಅರ್ಧ ತಾಸು ಅದೇ.

ಈ ಆಟದ ನಿಜವಾದ ದೋಷ ಮ್ಯಾಗಿಯ ಮೂಲದಲ್ಲೇ ಇದೆ. ಅದು ಭೂಮಿಯ ಒಡೆಯನನ್ನು ಹಿಡಿಯುತ್ತದೆ, ಕೂಲಿ ಕದಿಯುವವನನ್ನು ಬಿಡುತ್ತದೆ. ಹಲಗೆಯ ಮೇಲೆ ದುಡಿಯುವವನೇ ಇಲ್ಲ. ಮನೆ ಕಟ್ಟಿದ ಕೈ ಯಾವುದೆಂದು ಯಾರೂ ಕೇಳುವುದಿಲ್ಲ. ಕಲಬುರಗಿ, ಬೀದರ, ಯಾದಗಿರಿಯ ಕಾರ್ಖಾನೆಗಳಲ್ಲಿ ಲಾಭ ಹುಟ್ಟುವುದು ಕಿರಾಯಿಯಿಂದಷ್ಟೇ ಅಲ್ಲ, ಕಾಯಂ ಕೆಲಸವನ್ನು ಗುತ್ತೇದಾರನ ಹೆಸರಿಗೆ ಬರೆದು ಉಳಿಸಿದ ಪಗಾರದಿಂದ. ಆದ್ದರಿಂದ ಚೀಟಿಯ ಒಂದು ಕಟ್ಟಿನಲ್ಲಿ ಸೌಂದರ್ಯ ಸ್ಪರ್ಧೆಯ ಬಹುಮಾನದಂಥ ಎಂಟನ್ನು ತೆಗೆದು ಕಾನೂನಿನ ಲೆಕ್ಕವಿರುವ ಎಂಟನ್ನು ಹಾಕಿ. ಕೆಲವು ಮಾದರಿ: ‘ನಿನ್ನ ಪಗಾರದಾಗ ಪಿಎಫ್ ಹಿಡಿದಾರ, ಪಾಸ್‌ಬುಕ್ಕಿನಾಗ ಬಂದಿಲ್ಲ. ಗುತ್ತೇದಾರ ಕಟ್ಟದಿದ್ರ ಮೂಲ ಮಾಲಕ ಕಟ್ಟಬೇಕು. ಅತಿ ಹೆಚ್ಚು ಮನೆ ಇದ್ದವನ ಕಡಿಂದ 48 ತಗೋ.’ 200ಕ್ಕೆ ಶೇ. 12ರಂತೆ ಎರಡು ಪಾಲು ಸೇರಿ 48. ‘ಕನಿಷ್ಠ ಬೋನಸ್ ಶೇ. 8.33, ವರ್ಷದ ಹನ್ನೆರಡನೇ ಒಂದು ಪಾಲು. 200 ತಗೋ.’ ‘ಓಟಿ (ಹೆಚ್ಚಿನ ತಾಸಿನ ಕೆಲಸ) ಮಾಡಿದಿ, ದರ ದುಪ್ಪಟ್ಟು. ಮುಂದಿನ ಪಗಾರ 400.’ ‘ಗುತ್ತೇದಾರನ ಹೆಸರು ಬದಲಾತು, ನಿನ್ನ ಸೇವೆ ಸೊನ್ನೆಯಿಂದ ಶುರು ಅಂತ ಹೇಳ್ಯಾರ. ಹಾಜರಿ ಪುಸ್ತಕದ ನಕಲು ಇದ್ರ 100 ತಗೋ, ಇಲ್ಲದಿದ್ರ ಒಂದು ಸರದಿ ಬಿಡು.’ ‘ಮುಷ್ಕರ. ಅರ್ಧಕ್ಕಿಂತ ಹೆಚ್ಚು ಮಂದಿ ಕೈ ಎತ್ತಿದ್ರ ಒಂದು ಸುತ್ತು ಯಾರೂ ಕಿರಾಯಿ ಕೊಡಬ್ಯಾಡ್ರಿ.’

ಜಾಗಗಳಿಗೆ ನಮ್ಮ ಹೆಸರು ಅಂಟಿಸುವುದು ಐಚ್ಛಿಕ, ಆದರೆ ಅಂಟಿಸಿದರೆ ಆಟ ಬೇಗ ಹತ್ತಿರವಾಗುತ್ತದೆ. ಅಗ್ಗದ ಎರಡಕ್ಕೆ ಶಹಾಬಾದಿನ ಫರ್ಸಿ ಕಲ್ಲಿನ ಗಣಿ ಮತ್ತು ಚಿತ್ತಾಪುರದ ಹೊಲ, ನಡುವೆ ನೆಹರು ಗಂಜ್, ಬ್ರಹ್ಮಪುರ, ಶಹಾಬಜಾರ್, ದುಬಾರಿ ಎರಡಕ್ಕೆ ಸೂಪರ್ ಮಾರ್ಕೆಟ್ ಮತ್ತು ಸೇಡಂ ರಸ್ತೆ. ನಾಲ್ಕು ನಿಲ್ದಾಣಕ್ಕೆ ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿ. ಯಾವ ಕಾರ್ಖಾನೆಯ ಹೆಸರನ್ನೂ ಬರೆಯಬೇಡಿ, ಮರುದಿನ ಗೇಟಿನಲ್ಲಿ ಆಡಿದವರಿಗೇ ತೊಂದರೆ.

ಪೆಟ್ಟಿಗೆಯಲ್ಲಿ ಬಂದದ್ದನ್ನು ಬಂದ ಹಾಗೇ ಆಡುವವರಿಗೆ ಐದರಲ್ಲಿ ಎರಡು ಅಂಕ. ಡಬ್ಬಿ, ಎಂಟು ಚೀಟಿ, ನೋಟ್‌ಬುಕ್ ಸೇರಿಸಿ ಆಡಿಸುವ ಸಂಘಕ್ಕೆ ನಾಲ್ಕೂವರೆ. ಒಂದು ಪೆಟ್ಟಿಗೆಗೆ ಆರು ಜೋಡಿಗಿಂತ ಹೆಚ್ಚು ಕೂಡಿಸಬೇಡಿ. ಎರಡೂ ನಿಯಮಕ್ಕೆ ಸೇರಿ ಮೂರು ತಾಸು ಹಿಡಿಯುತ್ತದೆ, ನಡುವೆ ಚಹಾಕ್ಕೆ ಎದ್ದಾಗ ಹಲಗೆಯ ಫೋಟೊ ತೆಗೆದಿಟ್ಟುಕೊಳ್ಳಿ.