ಚರಿತ್ರೆ, ವಿಶ್ಲೇಷಣೆ, ತಾಳ: ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಂಗೀತಕ್ಕೆ ಮೂರು ದಾರಿಗಳು

ಶೋನ್‌ಬರ್ಗ್, ಸ್ಟ್ರಾವಿನ್ಸ್ಕಿ, ವೇಬರ್ನ್, ಮೆಸ್ಸಿಯಾನ್ ಮೊದಲಾದವರ ಸಂಗೀತವನ್ನು ಕಾಲೇಜಿನಲ್ಲಿ ಓದಲು ಹೊರಟವರಿಗೆ ಸಾಮಾನ್ಯವಾಗಿ ಎರಡು ಬಗೆಯ ಕೋರ್ಸುಗಳು ಸಿಗುತ್ತವೆ. ಒಂದು ಚರಿತ್ರೆಯದು, ವಿಯೆನ್ನಾ, ಪ್ಯಾರಿಸ್, ಮಾಸ್ಕೊ ಎಂದು ಕಾಲಾನುಕ್ರಮದಲ್ಲಿ ಸಾಗುತ್ತದೆ. ಇನ್ನೊಂದು ವಿಶ್ಲೇಷಣೆಯದು, ಸ್ಕೋರ್ (ಕೃತಿಯ ಸ್ವರಲಿಪಿ) ಎದುರಿಗಿಟ್ಟುಕೊಂಡು ಸ್ವರಗಳ ಲೆಕ್ಕ ಹಾಕಿಸುತ್ತದೆ. ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುವಾಗ ನಾನು ಎರಡನ್ನೂ ತೆಗೆದುಕೊಂಡೆ. ಅವುಗಳ ಜೊತೆಗೆ, ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತಿದ್ದರಿಂದ, ಯಾವ ಪಠ್ಯಕ್ರಮದಲ್ಲೂ ಇಲ್ಲದ ಮೂರನೆಯ ದಾರಿಯನ್ನೂ ಹಿಡಿದೆ. ಅದು ಕೈಯಲ್ಲಿ ತಾಳ ಹಾಕುತ್ತಾ ಕೇಳುವುದು. ನಮ್ಮ ಕಡೆಯ ಸಂಗೀತ ವಿದ್ಯಾರ್ಥಿಗಳು ಯಾರೇ ಕೇಳಿದರೂ ನಾನು ಹೇಳುವುದು ಇಷ್ಟೇ: ಮೂರನೆಯದರಿಂದ ಶುರುಮಾಡಿ.

ಸ್ಟ್ರಾವಿನ್ಸ್ಕಿಯ ‘ರೈಟ್ ಆಫ್ ಸ್ಪ್ರಿಂಗ್’ 1913ರ ಮೇ 29ರಂದು ಪ್ಯಾರಿಸ್ಸಿನಲ್ಲಿ ಮೊದಲು ಪ್ರದರ್ಶನಗೊಂಡಾಗ ಸಭೆಯಲ್ಲಿ ಗದ್ದಲವೆದ್ದಿತು. ಇದು ಎಲ್ಲರೂ ಹೇಳುವ ಕಥೆ. ನನಗೆ ಆ ಕೃತಿ ಒಲಿದದ್ದು ಮಾತ್ರ ಪೀಠಿಕೆ ಮುಗಿದೊಡನೆ ಬರುವ ಎಂಟು ಬಾರುಗಳಿಂದ (ಬಾರು ಎಂದರೆ ಸ್ವರಲಿಪಿಯಲ್ಲಿ ಲಯದ ಒಂದು ಖಂಡ). ತಂತಿವಾದ್ಯಗಳು ಒಂದೇ ಕಾರ್ಡನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛವನ್ನು) ಬಿಡದೆ ಕುಟ್ಟುತ್ತವೆ. ಎಂಟು ಹಾರ್ನ್‌ಗಳು ನಡುನಡುವೆ ಒತ್ತು ಕೊಡುತ್ತವೆ. ಬಾರಿಗೆ ನಾಲ್ಕರಂತೆ ಒಟ್ಟು 32 ಹೊಡೆತಗಳು. ಅಕ್ಷರಕ್ಕೆ, ಅಂದರೆ ತಾಳದ ಒಂದೊಂದು ಎಣಿಕೆಗೆ, ನಾಲ್ಕು ಮಾತ್ರೆ ಇಟ್ಟುಕೊಂಡರೆ ಇದು ಆದಿತಾಳದ (ನಾಲ್ಕು ಅಕ್ಷರದ ಒಂದು ಲಘು, ಎರಡೆರಡು ಅಕ್ಷರದ ಎರಡು ದ್ರುತ) ಸರಿಯಾಗಿ ಒಂದು ಆವರ್ತನ! ತಾಳ ಹಾಕಿ ನೋಡಿ. ಒತ್ತುಗಳು ಬೀಳುವುದು 10, 12, 18, 21, 25 ಮತ್ತು 30ನೆಯ ಮಾತ್ರೆಗಳ ಮೇಲೆ. ಲಘುವಿನ ಮೊದಲೆರಡು ಅಕ್ಷರಗಳು ಒತ್ತಿಲ್ಲದೆ ಸಾಗುತ್ತವೆ; ಮೂರನೆಯದರಲ್ಲಿ ಎರಡು ಒತ್ತು ಬಂದು, ನಾಲ್ಕನೆಯದು ಮತ್ತೆ ಖಾಲಿ. ಮೊದಲ ದ್ರುತದ ಘಾತ (ಕೈತಟ್ಟು) ತಪ್ಪಿಸಿ ಒಂದು ಮಾತ್ರೆ ತಡವಾಗಿ ಬರುವ ಒತ್ತು, ಅದರ ಹುಸಿಯ (ಕೈ ತಿರುಗಿಸುವ ಎಣಿಕೆಯ) ಮೇಲೆ ನೇರವಾಗಿ ಕೂರುತ್ತದೆ. ಮುಂದಿನ ಘಾತಕ್ಕೂ ಸರಿಯಾಗಿ ಬಂದು, ಕೊನೆಯ ಹುಸಿಯಲ್ಲಿ ಪುನಃ ಜಾರುತ್ತದೆ. ತರಗತಿಯಲ್ಲಿ ಇದನ್ನು ‘ಅನಿರೀಕ್ಷಿತ ಒತ್ತುಗಳು’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದರು. ಕೈಗೆ ಮಾತ್ರ ಯಾವುದು ಅನಾಗತ (ಎಣಿಕೆಯ ನಂತರ ಬರುವುದು), ಯಾವುದು ಸಮ (ಎಣಿಕೆಯ ಮೇಲೆಯೇ ಬರುವುದು) ಎಂಬುದು ಒಂದೊಂದಾಗಿ ತಿಳಿಯುತ್ತದೆ. ಸ್ಟ್ರಾವಿನ್ಸ್ಕಿಗೆ ಆದಿತಾಳ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿರುವ ಅಳತೆಗೋಲು ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಅಷ್ಟೇ.

ಮೆಸ್ಸಿಯಾನ್ ವಿಷಯದಲ್ಲಿ ನಂಟು ನಿಜವಾದದ್ದು. ಶಾರ್ಙ್ಗದೇವನ ಹಳೆಯ ಸಂಗೀತಶಾಸ್ತ್ರ ಗ್ರಂಥ ‘ಸಂಗೀತ ರತ್ನಾಕರ’ದ 120 ದೇಶೀತಾಳಗಳ ಪಟ್ಟಿಯನ್ನು ಅವರು ಆಳವಾಗಿ ಅಭ್ಯಾಸ ಮಾಡಿದ್ದರು. ಜರ್ಮನ್ ಯುದ್ಧಕೈದಿಗಳ ಶಿಬಿರದಲ್ಲಿ 1941ರ ಜನವರಿಯಲ್ಲಿ ಮೊದಲ ಬಾರಿಗೆ ನುಡಿಸಲಾದ ‘ಕ್ವಾರ್ಟೆಟ್ ಫಾರ್ ದಿ ಎಂಡ್ ಆಫ್ ಟೈಮ್’ (ಕಾಲದ ಅಂತ್ಯಕ್ಕೆ ಚತುರ್ವಾದ್ಯ) ಕೃತಿಯ ಮೊದಲ ಭಾಗದಲ್ಲಿ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ತಾಳಗಳು ಪಿಯಾನೊದಲ್ಲಿ ಸೇರಿಕೊಂಡು 17 ಕಾಲಮಾನಗಳ ಸರಣಿಯಾಗುತ್ತವೆ. ಅದರ ಮೇಲೆ 29 ಕಾರ್ಡ್‌ಗಳ ಇನ್ನೊಂದು ಸರಣಿ ಸುತ್ತುತ್ತದೆ. ಎರಡೂ ಅವಿಭಾಜ್ಯ ಸಂಖ್ಯೆಗಳಾದ್ದರಿಂದ 493 ಕಾರ್ಡ್‌ಗಳು ಕಳೆಯದೆ ಎರಡರ ಆರಂಭ ಮತ್ತೆ ಕೂಡುವುದಿಲ್ಲ. ಸಂಗೀತ ಅದಕ್ಕೂ ಬಹಳ ಮುಂಚೆಯೇ ನಿಂತುಬಿಡುತ್ತದೆ. ಪಲ್ಲವಿಯಲ್ಲಿ ಸಮಕ್ಕೆ, ಅಂದರೆ ಆವರ್ತನದ ಆರಂಭಕ್ಕೆ, ಬಂದು ಸೇರುವ ಸುಖಕ್ಕೆ ಒಗ್ಗಿದ ಕಿವಿಗೆ, ಎಂದೂ ಬಾರದ ಆ ಸಮವೇ ಕೃತಿಯ ಹೆಸರಿನ ಅರ್ಥವನ್ನು ತಿಳಿಸುತ್ತದೆ.

ಆದರೆ ಶೋನ್‌ಬರ್ಗ್ ಬಳಿ ಬಂದಾಗ ತಾಳ ಕೈಕೊಡುತ್ತದೆ. 1911ರ ಮೇ ತಿಂಗಳಲ್ಲಿ ರಚನೆಕಾರ ಮಾಹ್ಲರ್ ತೀರಿಕೊಂಡ ಬಳಿಕ ಅವರು ಬರೆದ ಪಿಯಾನೊ ತುಣುಕು, ಓಪಸ್ 19ರ ಆರನೆಯದು, ಬರೀ ಒಂಬತ್ತು ಬಾರುಗಳಷ್ಟಿದೆ. ಎಣಿಸಲು ಸಿಗುವಂಥ ನಡೆ ಇಲ್ಲ, ಆಧಾರ ಷಡ್ಜವೂ ಇಲ್ಲ. ಶ್ರುತಿ ಹುಡುಕುವ ನಮ್ಮ ಕಿವಿಗೆ ಇದು ನಿಜಕ್ಕೂ ಕಷ್ಟ. ಇಲ್ಲಿ ವಿಶ್ಲೇಷಣೆಯ ಕೋರ್ಸ್ ಗೆಲ್ಲುತ್ತದೆ. ಬಲಗೈಯಲ್ಲಿ ಮೂರು ಸ್ವರ, ಎಡಗೈಯಲ್ಲಿ ಮೂರು ಸ್ವರ, ಈ ಎರಡು ಕಾರ್ಡ್‌ಗಳು ಆರಂಭದಲ್ಲಿ ಹೇಗೆ ಕೂಡುತ್ತವೆ, ಕೊನೆಯ ಬಾರಿನಲ್ಲಿ ಹೇಗೆ ಮರಳುತ್ತವೆ ಎಂಬುದನ್ನು ಸ್ವರಗಳಿಗೆ 0ಯಿಂದ 11ರವರೆಗೆ ಅಂಕಿ ಕೊಟ್ಟು ಬರೆದುಕೊಂಡ ಮೇಲೆಯೇ ಆ ತುಣುಕು ನನ್ನ ಮನಸ್ಸಿನಲ್ಲಿ ನಿಂತಿತು. ವೇಬರ್ನ್‌ನ 1928ರ ಸಿಂಫನಿಯಲ್ಲಂತೂ ಕಾಗದದ ಕೆಲಸವೇ ಆನಂದ. ಅದರ ಹನ್ನೆರಡು ಸ್ವರಗಳ ಸಾಲನ್ನು ಹಿಂದಿನಿಂದ ಓದಿದರೆ ಅದೇ ಸಾಲು ಬೇರೆ ಸ್ಥಾನದಲ್ಲಿ ಸಿಗುತ್ತದೆ; ಹಾಗಾಗಿ ಸಾಲನ್ನು ಹಿಂದುಮುಂದು, ತಲೆಕೆಳಗು ಮಾಡಿ ಹನ್ನೆರಡು ಸ್ಥಾನಗಳಲ್ಲಿ ಇಟ್ಟಾಗ ಸಾಮಾನ್ಯವಾಗಿ ಸಿಗುವ 48 ರೂಪಗಳ ಬದಲು ಇಲ್ಲಿ 24 ಮಾತ್ರ. ಈ ದಾರಿಯ ದೋಷವೂ ಅಲ್ಲೇ ಇದೆ. ಹಾರ್ಪ್ ಮೀಟಿದ ಸ್ವರವೂ ಹಾರ್ನ್ ಊದಿದ ಸ್ವರವೂ ಲೆಕ್ಕದಲ್ಲಿ ಒಂದೇ ಅಂಕಿ. ಸ್ಕೋರ್ ಬದಿಗಿಟ್ಟು ಮತ್ತೆ ಮತ್ತೆ ಕೇಳದಿದ್ದರೆ ಉಳಿಯುವುದು ಗಣಿತವಷ್ಟೇ.

ಚರಿತ್ರೆಯ ಕೋರ್ಸ್ ಪರೀಕ್ಷೆಗೆ ಸುಲಭ. ಅರ್ಧ ನಿಮಿಷ ನುಡಿಸುತ್ತಾರೆ, ಯಾರ ಕೃತಿ, ಯಾವ ವರ್ಷ ಎಂದು ಗುರುತಿಸಬೇಕು. ಸೋವಿಯತ್ ರಚನೆಕಾರ ಶಾಸ್ಟಕೋವಿಚ್ 1936ರಲ್ಲಿ ಹಿಂತೆಗೆದುಕೊಂಡ ನಾಲ್ಕನೆಯ ಸಿಂಫನಿ 1961ರವರೆಗೆ ಸಭೆಯಲ್ಲಿ ಕೇಳಿಸಲೇ ಇಲ್ಲ. ಏಕೆಂಬುದನ್ನು ಯಾವ ಸ್ಕೋರೂ ಹೇಳದು, ಚರಿತ್ರೆ ಹೇಳುತ್ತದೆ. ನನ್ನ ತಕರಾರು ಇರುವುದು ಅದು ಬಿಟ್ಟುಬಿಡುವ ಹೆಸರುಗಳ ಬಗ್ಗೆ. ಹೊಸತನ್ನು ತಂದವರ ಸರಪಳಿಯೇ ಕಥೆಯಾದಾಗ ರಷ್ಯದ ರಚನೆಕಾರ ಮೆಟ್ನರ್ ತರಹದವರಿಗೆ ಜಾಗವಿರುವುದಿಲ್ಲ. ನಮ್ಮ ಜಯಚಾಮರಾಜೇಂದ್ರ ಒಡೆಯರ್ ಹಣ ಕೊಟ್ಟು ಮೆಟ್ನರ್ ಸಂಗೀತವನ್ನು ಲಂಡನ್ನಿನಲ್ಲಿ ಧ್ವನಿಮುದ್ರಣ ಮಾಡಿಸಿದರು. ಮೆಟ್ನರ್ ಅವರ ಮೂರನೆಯ ಪಿಯಾನೊ ಕನ್ಸರ್ಟೊ ಒಡೆಯರಿಗೆ ಅರ್ಪಿತವಾಗಿದೆ. ರಿಚರ್ಡ್ ಸ್ಟ್ರಾಸ್ 1948ರಲ್ಲಿ ರಚಿಸಿದ ‘ಫೋರ್ ಲಾಸ್ಟ್ ಸಾಂಗ್ಸ್’ 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲು ಹಾಡಲ್ಪಟ್ಟದ್ದರ ಹಿಂದೆಯೂ ಮೈಸೂರಿನ ಹಣವಿತ್ತು. ತರಗತಿಯಲ್ಲಿ 1948 ಎಂದರೆ ಹೊಸ ಪ್ರಯೋಗಗಳ ರಚನೆಕಾರರಾದ ಬೂಲೇಜ್ ಬಂದರು, ಕೇಜ್ ಬಂದರು. ಅದೇ ವರ್ಷದ ಸ್ಟ್ರಾಸ್‌ನನ್ನು ನಾನೇ ಹುಡುಕಿಕೊಂಡು ಕೇಳಬೇಕಾಯಿತು.

ಮೃದಂಗ ಕಲಿತವರಿಗೆ ಸ್ಟ್ರಾವಿನ್ಸ್ಕಿಯ ಜೊತೆಗೇ ಹಂಗೇರಿಯ ರಚನೆಕಾರ ಬಾರ್ಟೋಕ್‌ನ ಪಿಯಾನೊ ಸಂಗ್ರಹ ‘ಮಿಕ್ರೊಕಾಸ್ಮಾಸ್’ನ ಕೊನೆಯ ಆರು ಬಲ್ಗೇರಿಯನ್ ನೃತ್ಯಗಳನ್ನು ಸೂಚಿಸುತ್ತೇನೆ; 2+2+3, 3+3+2 ಎಂಬ ಎಣಿಕೆಗಳು ಅವರ ಬೆರಳಿಗೆ ತಾವಾಗಿ ಬರುತ್ತವೆ. ವಿಶ್ಲೇಷಣೆಯ ಕೋರ್ಸ್ ಅನ್ನು ಅದರ ಮುಂದಿನ ಸೆಮಿಸ್ಟರಿಗೆ ಇಟ್ಟುಕೊಳ್ಳಿ. ಸ್ಕೋರ್ ಪಡೆಯುವ ವಿಷಯಕ್ಕೆ ಬಂದರೆ, ಭಾರತದಲ್ಲಿ ಹಕ್ಕುಸ್ವಾಮ್ಯ ರಚನೆಕಾರ ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. 1945ರಲ್ಲಿ ತೀರಿಕೊಂಡ ಬಾರ್ಟೋಕ್, ವೇಬರ್ನ್ ಹಾಗೂ 1951ರಲ್ಲಿ ತೀರಿಕೊಂಡ ಶೋನ್‌ಬರ್ಗ್ ಇವರ ಕೃತಿಗಳು ಆ ಅವಧಿಯನ್ನು ದಾಟಿವೆ. 1971ರವರೆಗೆ ಬದುಕಿದ್ದ ಸ್ಟ್ರಾವಿನ್ಸ್ಕಿ, 1992ರವರೆಗೆ ಬದುಕಿದ್ದ ಮೆಸ್ಸಿಯಾನ್ ಇವರ ಸ್ಕೋರುಗಳಿಗಾದರೆ ಹಣ ತೆಗೆದಿಡಬೇಕು, ಅಥವಾ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು ಓದಬೇಕು.